ಆ ಬುಟ್ಟಿ ಯಾರ ಲೆಕ್ಕಕ್ಕೂ ಬರಲ್ಲ

ಕೆಲವು ವರ್ಷದ ಹಿಂದೆ ಒಂದು ಕೆರೆ ದಡದಲ್ಲಿ ಸುಮ್ನೆ ಕೂತಿದ್ದೆ. ನೀರು ಇಳಿಯೋ ಕಾಲ, ಅಂಚೆಲ್ಲ ಕೆಸರು. ಒಬ್ರು ಹೆಂಗಸು ಮೊಣಕಾಲುದ್ದ ನೀರಲ್ಲಿ ನಿಧಾನಕ್ಕೆ ನಡೀತಾ ಇದ್ರು. ಏನೋ ಕಳ್ಕೊಂಡು ಹುಡುಕ್ತಿದಾರೇನೋ ಅನ್ಕೊಂಡೆ, ಸ್ವಲ್ಪ ಹೊತ್ತು ನೋಡಿದ ಮೇಲೆ ಗೊತ್ತಾಯ್ತು ಅವರು ಪಾದದಲ್ಲೇ ಹುಡುಕ್ತಿದಾರೆ ಅಂತ. ಹಿಮ್ಮಡಿ ಊರೋದು, ಕಾಲ್ಬೆರಳಲ್ಲಿ ಕೆಸರನ್ನ ಮೆಲ್ಲಗೆ ಕೆದಕೋದು, ಗಟ್ಟಿಯಾಗಿ ಏನಾದ್ರೂ ತಾಗಿದ ತಕ್ಷಣ ಬಗ್ಗಿ, ಮುಖ ಒಂದು ಪಕ್ಕಕ್ಕೆ ತಿರುಗಿಸ್ಕೊಂಡು, ಭುಜದ ತನಕ ಕೈ ಇಳಿಸಿ ಒಂದು ಕಪ್ಪೆಚಿಪ್ಪು ಎತ್ತೋದು. ಹೀಗೇ ಎರಡು ಗಂಟೆ. ಹೊರಗೆ ಬಂದಾಗ ಬುಟ್ಟಿ ಅರ್ಧ ತುಂಬಿತ್ತು, ತಳದಲ್ಲಿ ಚಿಪ್ಪು, ಅದರ ಮೇಲೆ ಬೆರಳುದ್ದದ ಒಂದಷ್ಟು ಮೀನು, ಮೇಲೆ ಮುಚ್ಚಿದ ಹಾಗೆ ನೀರಂಚಿನ ಸೊಪ್ಪು. ದಡದಲ್ಲಿ ಮೊದಲೇ ಕೊಯ್ದು ಕಟ್ಟಿಟ್ಟಿದ್ದ ಹಸಿ ಹುಲ್ಲಿನ ಹೊರೆನ ತಲೆ ಮೇಲೆ ಇಟ್ಕೊಂಡು, ಬುಟ್ಟಿನ ಸೊಂಟಕ್ಕೆ ಒತ್ತಿ ಹಿಡ್ಕೊಂಡು ಹೋದ್ರು.

ಆ ಬುಟ್ಟಿ ನನ್ನ ತಲೆಯಿಂದ ಹೋಗ್ಲೇ ಇಲ್ಲ. ಆ ಮನೆಗೆ ಯಾರಾದ್ರೂ ಸರ್ವೆಗೆ ಹೋಗಿ ನಿಮ್ಮ ಕಸುಬೇನು ಅಂತ ಕೇಳಿದ್ರೆ ಕೂಲಿ ಅಂತಲೋ ಬೇಸಾಯ ಅಂತಲೋ ಬರೆಸ್ತಾರೆ, ಬಹುಶಃ ಮನೆ ಯಜಮಾನನೇ ಉತ್ತರ ಹೇಳ್ತಾನೆ, ಹೆಂಡತಿ ದಿನಾ ಎರಡು ಗಂಟೆ ಕೆಸರಲ್ಲಿ ನಿಂತು ತಂದಿದ್ದು ಯಾವ ಕಾಲಮ್ಮಲ್ಲೂ ಬರಲ್ಲ. ಮಾರಾಟ ಆಗಿಲ್ಲ, ಬಿಲ್ ಇಲ್ಲ, ತೂಕ ಹಾಕಿಲ್ಲ, ಬೆಳಿಗ್ಗೆ ನೀರಲ್ಲಿತ್ತು, ರಾತ್ರಿ ಹೊಟ್ಟೆಯಲ್ಲಿತ್ತು, ಅಷ್ಟೇ. ನಾಳೆ ಆ ಕೆರೆ ಮುಚ್ಚಿ ಹೋದ್ರೆ ಏನು ನಷ್ಟ ಆಯ್ತು ಅಂತ ಹೇಳೋಕೆ ಒಂದು ಸಾಲಿನ ದಾಖಲೆಯೂ ಇರಲ್ಲ.

ಅವತ್ತಿನಿಂದ ಜೌಗು ಭೂಮಿ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಬಂದಿದೀನಿ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ, ಎಷ್ಟು? ಎಷ್ಟು ಟನ್ ಮೀನು, ಎಷ್ಟು ಹೆಕ್ಟೇರು, ಎಷ್ಟು ಆದಾಯ. ಆ ಲೆಕ್ಕ ಬೇಕು, ಬೇಡ ಅನ್ನಲ್ಲ. ಆದ್ರೆ ಒಂದು ಮನೆಯ ಅಡುಗೆಮನೆಯಿಂದ ನೋಡಿದ್ರೆ ಅದಕ್ಕಿಂತ ದೊಡ್ಡ ಪ್ರಶ್ನೆ ಎರಡಿವೆ ಅನ್ಸುತ್ತೆ ನಂಗೆ. ಯಾವಾಗ ಸಿಗುತ್ತೆ, ಯಾರ ಕೈಗೆ ಸಿಗುತ್ತೆ.

ಜೌಗು ಅಂದ್ರೆ ಏನು ಅಂತ ಒಂದು ಮಾತು ಹೇಳ್ಬಿಡ್ತೀನಿ. 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸಾರ್ ಅನ್ನೋ ಊರಲ್ಲಿ ಜೌಗುಗಳ ಬಗ್ಗೆ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯ್ತು, ಅದರ ವ್ಯಾಖ್ಯೆ ತುಂಬಾ ಉದಾರವಾಗಿದೆ. ಕೆರೆ, ಕೊಳ, ಕೆಸರುನೆಲ, ಅಳಿವೆ, ಕಾಂಡ್ಲಾ ಕಾಡು, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲೋ ತಗ್ಗು, ಇಳಿತದ ಹೊತ್ತಲ್ಲಿ ಆಳ ಆರು ಮೀಟರ್ ಮೀರದ ಸಮುದ್ರ, ಸಿಹಿನೀರು ಉಪ್ಪುನೀರು, ಪ್ರಕೃತಿ ಮಾಡಿದ್ದು ಮನುಷ್ಯ ಮಾಡಿದ್ದು, ಎಲ್ಲ ಸೇರುತ್ತೆ. ಭತ್ತದ ಗದ್ದೆ ಕೂಡ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನರ ಮುಖ್ಯ ಆಹಾರ ಅಕ್ಕಿ, ಆ ಅಕ್ಕಿಯ ಬಹುಪಾಲು ಬೆಳೆಯೋದು ನೀರು ನಿಂತ ಗದ್ದೆಯಲ್ಲಿ, ಅಂದ್ರೆ ಮನುಷ್ಯ ತಾನೇ ಬದು ಕಟ್ಟಿ ಮಾಡ್ಕೊಂಡ ಜೌಗಲ್ಲಿ.

ಇಷ್ಟು ಅನ್ನ ಕೊಡೋ ಜಾಗಕ್ಕೆ ಸಿಕ್ಕ ಹೆಸರು ಮಾತ್ರ ಪಾಳು ಭೂಮಿ. ಅಮೆರಿಕದಲ್ಲಿ 1849, 1850, 1860ರಲ್ಲಿ ಕಾನೂನೇ ಮಾಡಿ ಜೌಗು ಜಮೀನುಗಳನ್ನ ರಾಜ್ಯಗಳಿಗೆ ಕೊಟ್ರು, ಬಸಿದು ಒಣಗಿಸಿ ಹೊಲ ಮಾಡ್ಲಿ ಅಂತ. ಅದಕ್ಕೂ ಮುಂಚೆ 17ನೇ ಶತಮಾನದಲ್ಲಿ ಇಂಗ್ಲೆಂಡಿನ ಪೂರ್ವ ಭಾಗದ ಫೆನ್ಸ್ ಅನ್ನೋ ದೊಡ್ಡ ಜವುಗನ್ನ ಬಂಡವಾಳ ಹಾಕಿದವರು ಒಣಗಿಸೋಕೆ ಹೊರಟಾಗ ಅಲ್ಲಿನ ಬಡವರು ರಾತ್ರೋರಾತ್ರಿ ಬಂದು ಒಡ್ಡು ಒಡೆದು ಹಾಕ್ತಿದ್ರು. ಅವರಿಗೆ ಆ ಜವುಗು ಅಂದ್ರೆ ಈಲ್ ಮೀನು, ನೀರುಕೋಳಿ, ಜೊಂಡು, ಹುಲ್ಲು. ಒಣಗಿಸಿದವರಿಗೆ ಅದು ಗೋಧಿ ಬೆಳೆಯಬಹುದಾದ, ಬಾಡಿಗೆ ತರಬಹುದಾದ ಜಮೀನು. ಒಂದೇ ಜಾಗ, ನಿಂತು ನೋಡೋ ಕಡೆ ಬೇರೆ. 1970ರಿಂದ 2015ರ ಒಳಗೆ ಜಗತ್ತಿನ ನೈಸರ್ಗಿಕ ಜೌಗುಗಳಲ್ಲಿ ಸುಮಾರು 35 ಪರ್ಸೆಂಟ್ ಹೋಗಿಬಿಟ್ಟಿದೆ, ಕಾಡು ಹೋಗ್ತಿರೋ ವೇಗಕ್ಕಿಂತ ಮೂರು ಪಟ್ಟು ಜಾಸ್ತಿ. ಈ ಅಂಕಿ ಓದಿದಾಗ ನಂಗೆ ಹೆಕ್ಟೇರು ಕಣ್ಮುಂದೆ ಬರಲ್ಲ, ಆ ಬುಟ್ಟಿ ಬರುತ್ತೆ.

ಸರಿ, ಯಾವಾಗ ಅನ್ನೋ ಪ್ರಶ್ನೆಗೆ ಬರ್ತೀನಿ. ಇದಕ್ಕೆ ಕಾಂಬೋಡಿಯಾದ ಟೋನ್ಲೆ ಸಾಪ್ ಸರೋವರಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಬೇಸಿಗೆಯಲ್ಲಿ ಅದು ಸುಮಾರು 2,500 ಚದರ ಕಿಲೋಮೀಟರ್ ಹರಡಿರುತ್ತೆ, ಆಳ ಬಹಳ ಕಡೆ ಒಂದು ಒಂದೂವರೆ ಮೀಟರ್ ಅಷ್ಟೇ. ಜೂನ್ ಹೊತ್ತಿಗೆ ಮೆಕಾಂಗ್ ನದಿ ಉಕ್ಕಿದಾಗ, ಸರೋವರದಿಂದ ಮೆಕಾಂಗಿಗೆ ಹರಿಯುತ್ತಿದ್ದ ನದಿ ದಿಕ್ಕು ಬದಲಾಯಿಸಿ ವಾಪಸ್ ಸರೋವರದ ಕಡೆಗೇ ಹರಿಯೋಕೆ ಶುರು ಮಾಡುತ್ತೆ. ಮಳೆಗಾಲ ಮುಗಿಯೋ ಹೊತ್ತಿಗೆ ಸರೋವರ ಸುಮಾರು 15,000 ಚದರ ಕಿಲೋಮೀಟರ್ ಆಗಿರುತ್ತೆ, ಸುತ್ತಲಿನ ಕಾಡು ಮುಳುಗಿ ಮರದ ಕೊಂಬೆ ಮಧ್ಯೆ ಮೀನು ಓಡಾಡ್ತಿರುತ್ತೆ. ಕೊಳೆತ ಎಲೆ, ಹುಳ, ಹಣ್ಣು ತಿಂದು ಮರಿಗಳು ಅಲ್ಲೇ ಬೆಳೆಯುತ್ತವೆ. ಆಮೇಲೆ ಅಕ್ಟೋಬರ್ ನವೆಂಬರಲ್ಲಿ ನದಿ ಮತ್ತೆ ತಿರುಗುತ್ತೆ, ನೀರು ಇಳಿಯುತ್ತೆ, ಅಷ್ಟು ದೊಡ್ಡ ಕಾಡಲ್ಲಿ ಚೆದುರಿದ್ದ ಮೀನೆಲ್ಲ ಕಿರಿದಾದ ಕಾಲುವೆಗಳಿಗೆ ಬಂದು ಸೇರುತ್ತೆ. ಆಗ ಹಿಡಿಯೋದು.

ಡಿಸೆಂಬರಿಂದ ಫೆಬ್ರವರಿ ತನಕದ ಆ ದಿನಗಳಲ್ಲಿ ದೂರದ ಹಳ್ಳಿಗಳ ರೈತರು ಗಾಡಿ ಕಟ್ಕೊಂಡು ನದಿ ದಡಕ್ಕೆ ಬರ್ತಾರೆ, ಹೊಸದಾಗಿ ಕೊಯ್ದ ಭತ್ತ ಕೊಟ್ಟು ಚಿಕ್ಕ ಮೀನು ತಗೊಂಡು, ಅಲ್ಲೇ ತಲೆ ತೆಗೆದು, ತುಳಿದು ತೊಳೆದು, ಉಪ್ಪು ಹಾಕಿ ಜಾಡಿಗೆ ತುಂಬ್ತಾರೆ. ಪ್ರಹೋಕ್ ಅಂತಾರೆ ಅದನ್ನ. ಹುದುಗಿದ ಆ ಮೀನು ತಿಂಗಳುಗಟ್ಟಲೆ ಕೆಡಲ್ಲ. ಮೀನು ಹೇರಳವಾಗಿ ಸಿಗೋ ಎರಡು ಮೂರು ತಿಂಗಳನ್ನ ಇಡೀ ವರ್ಷದ ಊಟಕ್ಕೆ ಹಂಚೋದು ಆ ಜಾಡಿ. ಸರೋವರ ಕಾಣದ, ಬಲೆ ಮುಟ್ಟದ ಮನೆಯಲ್ಲೂ ಸರೋವರದ ಪ್ರೋಟೀನ್ ತಟ್ಟೆಗೆ ಬೀಳೋದು ಹೀಗೆ.

ವೂಲ್ಫ್‌ಗ್ಯಾಂಗ್ ಯುಂಕ್ ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು 1989ರಲ್ಲಿ ಈ ಏರಿಳಿತವನ್ನ ನದಿಯ ನಾಡಿಬಡಿತ ಅನ್ನೋ ಅರ್ಥದಲ್ಲಿ ವಿವರಿಸಿದ್ರು. ಅವರು ಹೇಳಿದ್ದರ ಸಾರ ಇಷ್ಟು: ನೆರೆ ಬರೋದು ಅನಾಹುತ ಅಂತ ನಾವು ಅನ್ಕೋತೀವಿ, ಆದ್ರೆ ದೊಡ್ಡ ನದಿ ಬಯಲುಗಳಲ್ಲಿ ಮೀನು, ಮಣ್ಣು, ಹುಲ್ಲು ಎಲ್ಲವೂ ಆ ವಾರ್ಷಿಕ ನೆರೆಯ ಮೇಲೇ ನಿಂತಿವೆ. ನೀರು ಎಷ್ಟು ಅಗಲ ಹರಡ್ತೋ, ಎಷ್ಟು ದಿನ ನಿಂತ್ತೋ, ಮುಂದಿನ ಮೀನು ಅಷ್ಟು. ಡ್ಯಾಮ್ ಕಟ್ಟಿ ವರ್ಷವಿಡೀ ಒಂದೇ ಸಮ ನೀರು ಬಿಟ್ರೆ ಒಟ್ಟು ನೀರು ಅಷ್ಟೇ ಇರಬಹುದು, ನಾಡಿ ಮಾತ್ರ ನಿಲ್ಲುತ್ತೆ.

ಬರೀ ಮಳೆ ನಂಬಿ ಬೆಳೆಯೋ ಮನೆಗೆ ವರ್ಷದಲ್ಲಿ ಒಂದು ಕೆಟ್ಟ ಕಾಲ ಇದ್ದೇ ಇರುತ್ತೆ. ಕಳೆದ ಬೆಳೆಯ ಕಾಳು ಮುಗಿದಿರುತ್ತೆ, ಹೊಸ ಬೆಳೆ ಇನ್ನೂ ಹಸಿರಾಗಿ ನಿಂತಿರುತ್ತೆ, ಸಾಲ ಕೇಳೋಕೆ ಹೋಗೋದು ಆಗಲೇ, ಬೀಜ ಇಟ್ಟಿದ್ದನ್ನ ತಿನ್ನೋದು ಆಗಲೇ, ಮೇಕೆ ಮಾರೋದು ಆಗಲೇ. ಜೌಗು ಹತ್ತಿರ ಇದ್ದ ಮನೆಗೆ ಆ ದಿನಗಳಲ್ಲಿ ಇನ್ನೊಂದು ಬಾಗಿಲು ತೆರೆದಿರುತ್ತೆ. ಹೊಲ ಒಣಗಿದಾಗ ನೀರಂಚಲ್ಲಿ ತೇವ ಇರುತ್ತೆ. ನೀರು ಹಿಂದೆ ಸರಿದ ಹಾಗೆ ಬಿಟ್ಟುಹೋದ ವಂಡು ಮಣ್ಣಲ್ಲಿ ಹಂತಹಂತವಾಗಿ ಬಿತ್ತಿ, ಮಳೆ ಇಲ್ಲದೇ, ಗೊಬ್ಬರ ಇಲ್ಲದೇ, ಆ ತೇವದಲ್ಲೇ ಒಂದು ಬೆಳೆ ತೆಗೆಯೋ ಪದ್ಧತಿ ಆಫ್ರಿಕಾದ ಸೆನೆಗಲ್ ನದಿಯಿಂದ ಹಿಡಿದು ಏಷ್ಯಾದ ನದಿ ಬಯಲುಗಳ ತನಕ ಇದೆ. ಅಳತೆ ಹಾಕಿದ್ರೆ ಆ ಬೆಳೆ ಚಿಕ್ಕದು. ಆದ್ರೆ ಕಣಜ ಖಾಲಿ ಇದ್ದಾಗ ಬಂದ ಒಂದು ಮೂಟೆ, ಕಣಜ ತುಂಬಿದ್ದಾಗ ಬಂದ ಮೂಟೆಗೆ ಸಮ ಅಲ್ಲ. ವಾರ್ಷಿಕ ಆದಾಯ ಅಂತ ಕೂಡಿ ಹಾಕಿದ ತಕ್ಷಣ ಈ ವ್ಯತ್ಯಾಸವೇ ಅಳಿಸಿ ಹೋಗುತ್ತೆ.

ಇನ್ನು ಆ ಬುಟ್ಟಿಯಲ್ಲಿದ್ದ ಬೆರಳುದ್ದದ ಮೀನು. ಅದರ ಕಥೆ ನಂಗೆ ತುಂಬಾ ಇಷ್ಟ.

ಬಾಂಗ್ಲಾದೇಶದ ಕೊಳಗಳಲ್ಲಿ, ನೆರೆ ಬಯಲಲ್ಲಿ ಮೋಲಾ ಅನ್ನೋ ಪುಟ್ಟ ಬೆಳ್ಳಿ ಬಣ್ಣದ ಮೀನು ಸಿಗುತ್ತೆ. ಹಳೇ ಮೀನುಗಾರಿಕೆ ಸಲಹೆ ಏನಿತ್ತು ಅಂದ್ರೆ, ಕೊಳದಲ್ಲಿ ದೊಡ್ಡ ಗೆಂಡೆ ಜಾತಿ ಮರಿ ಬಿಡೋ ಮುಂಚೆ ಔಷಧ ಹಾಕಿ ಈ ಚಿಕ್ಕ ಮೀನನ್ನೆಲ್ಲ ಸಾಯಿಸಿ, ಇವು ಕಳೆ ಮೀನು, ದೊಡ್ಡದರ ಮೇವು ತಿಂದುಬಿಡುತ್ತವೆ ಅಂತ. ಜೌಗಿಗೆ ಪಾಳು ಅಂದ ಹಾಗೇ ಇದಕ್ಕೆ ಕಳೆ ಅಂದ್ರು. ಶಕುಂತಲಾ ಥಿಲ್ಸ್ಟೆಡ್ ಅನ್ನೋ ಪೋಷಣಾ ವಿಜ್ಞಾನಿ, ಟ್ರಿನಿಡಾಡಲ್ಲಿ ಹುಟ್ಟಿದವರು, ಬಾಂಗ್ಲಾದೇಶದಲ್ಲಿ ಕೆಲಸ ಮಾಡುವಾಗ ಹಳ್ಳಿ ಹೆಂಗಸರು ಈ ಚಿಕ್ಕ ಮೀನು ಮಕ್ಕಳಿಗೆ ಒಳ್ಳೇದು, ಕಣ್ಣಿಗೆ ಒಳ್ಳೇದು ಅಂತ ಹೇಳೋದನ್ನ ಕಿವಿಗೊಟ್ಟು ಕೇಳಿದ್ರು, ಪರೀಕ್ಷೆ ಮಾಡಿದ್ರು. ಮೋಲಾದಲ್ಲಿ ವಿಟಮಿನ್ ಎ ಅಪಾರ ಇದೆ, ಅದೂ ಹೆಚ್ಚಿಗೆ ಇರೋದು ಕಣ್ಣಲ್ಲಿ ಮತ್ತೆ ಹೊಟ್ಟೆಯ ಭಾಗದಲ್ಲಿ, ಅಂದ್ರೆ ದೊಡ್ಡ ಮೀನಾದ್ರೆ ನಾವು ಕೊಯ್ದು ಬಿಸಾಕೋ ಭಾಗದಲ್ಲೇ. ಚಿಕ್ಕ ಮೀನನ್ನ ಇಡಿಯಾಗಿ ಮುಳ್ಳು ಸಮೇತ ತಿನ್ನೋದ್ರಿಂದ ಕ್ಯಾಲ್ಸಿಯಂ ಕೂಡ ಪೂರ್ತಿ ಸಿಗುತ್ತೆ. ಗೆಂಡೆ ಜೊತೆಗೇ ಮೋಲಾ ಬೆಳೆಸಿದ್ರೆ ಗೆಂಡೆಯ ಇಳುವರಿಗೆ ಪೆಟ್ಟು ಬೀಳಲ್ಲ ಅಂತಲೂ ತೋರಿಸಿದ್ರು. 2021ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು.

ಇನ್ನೊಂದು ವಿಷಯ ಇದೆ ಇದರಲ್ಲಿ. ದೊಡ್ಡ ಮೀನು ಸಿಕ್ಕಿದ್ರೆ ಮಾರ್ಕೆಟ್ಟಿಗೆ ಹೋಗುತ್ತೆ, ಮನೆಯಲ್ಲೇ ಬೇಯಿಸಿದ್ರೂ ಒಳ್ಳೇ ತುಂಡು ಯಾರ ತಟ್ಟೆಗೆ ಹೋಗುತ್ತೆ ಅಂತ ಬಡ ಮನೆಗಳಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಹಿಡಿ ತುಂಬ ಚಿಕ್ಕ ಮೀನನ್ನ ಹಾಗೆ ತುಂಡು ಮಾಡೋಕಾಗಲ್ಲ, ಸಾರಲ್ಲಿ ಹಾಕಿದ್ರೆ ಸೌಟು ಹೋದ ಕಡೆ ಹೋಗುತ್ತೆ, ಕೊನೆಗೆ ಊಟ ಮಾಡೋ ತಾಯಿಗೂ, ಚಿಕ್ಕ ಮಗಳಿಗೂ ನಾಕು ಸಿಗುತ್ತೆ.

ಯಾರ ಕೈಗೆ ಅನ್ನೋದು ಇಲ್ಲಿಂದಲೇ ಶುರು ಆಗೋದು. ಜಮೀನಿದ್ದವನಿಗೆ ಜೌಗು ಮೂರನೇ ನಾಲ್ಕನೇ ಆದಾಯ, ಒಂದು ಬಿಡುವಿನ ಕೆಲಸ. ಜಮೀನಿಲ್ಲದವಳಿಗೆ ಅದೇ ಹೊಲ, ಅದೇ ಕೊಟ್ಟಿಗೆಯ ಮೇವು, ಅದೇ ಸೌದೆ, ಅದೇ ಚಾಪೆ ಹೆಣೆಯೋ ಜೊಂಡು, ಅದೇ ಮಾಡಿನ ಹುಲ್ಲು. ಪಟ್ಟೆ ಪಹಣಿ ಇಲ್ಲದೇ ಸಿಗೋ ಏಕೈಕ ಆಸ್ತಿ ಅದು. ಅದಕ್ಕೇ ಒಂದು ಜೌಗಿನ ಉತ್ಪತ್ತಿ ಹೆಚ್ಚಾಯ್ತು ಅಂತ ಸುದ್ದಿ ಬಂದಾಗಲೂ ನಾನು ಅಲ್ಲಿಗೇ ಖುಷಿ ಪಡಲ್ಲ. 1990ರ ಸುಮಾರಿಗೆ ಒಡಿಶಾದ ಚಿಲಿಕಾ ಸರೋವರದಲ್ಲಿ ಸೀಗಡಿಗೆ ಚಿನ್ನದ ಬೆಲೆ ಬಂತು, ದುಡ್ಡಿದ್ದವರು ಬಂದು ಸುತ್ತ ಬಲೆ ಬೇಲಿ ಹಾಕ್ಕೊಂಡ್ರು, ತಲೆಮಾರುಗಳಿಂದ ಅದೇ ನೀರಲ್ಲಿ ಮೀನು ಹಿಡಿತಿದ್ದವರು ಹೊರಗೆ ನಿಂತ್ರು. ಮೇಲಿಂದ ಹೂಳು ತುಂಬಿ ಸರೋವರ ಸಮುದ್ರಕ್ಕೆ ತೆರೆಯೋ ಬಾಯಿ ಮುಚ್ತಾ ಬಂದು ಮೀನೂ ಕುಸಿದು ಹೋಯ್ತು. 2000ನೇ ಇಸವಿ ಸೆಪ್ಟೆಂಬರಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದ ಮೇಲೆ ಉಪ್ಪುನೀರು ಒಳಗೆ ಬಂತು, ಮೀನು ಏಡಿ ಸೀಗಡಿ ಹಲವು ಪಟ್ಟು ಹೆಚ್ಚಿತು, ಅದು ನಿಜವಾಗ್ಲೂ ದೊಡ್ಡ ಗೆಲುವು. ಬೇಲಿಯ ಜಗಳ ಮಾತ್ರ ಉಪ್ಪುನೀರು ಬಂದ ತಕ್ಷಣ ಕರಗೋದಲ್ಲ. ಕಾಂಬೋಡಿಯಾದಲ್ಲೂ ಹಾಗೇ, ಟೋನ್ಲೆ ಸಾಪಿನ ಒಳ್ಳೊಳ್ಳೆ ಜಾಗಗಳನ್ನ ಫ್ರೆಂಚರ ಕಾಲದಿಂದ ಹರಾಜು ಹಾಕಿ ಗುತ್ತಿಗೆ ಕೊಡ್ತಿದ್ರು, 2012ರಲ್ಲಿ ಆ ಗುತ್ತಿಗೆಗಳನ್ನೆಲ್ಲ ರದ್ದು ಮಾಡಿದ್ರು.

ನೀರನ್ನ ಎತ್ತಿ ಬೇರೆ ಕಡೆ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ಉತ್ತರ ನೈಜೀರಿಯಾದ ಹಡೇಜಾ ಎನ್ಗುರು ಬಯಲಿನ ಲೆಕ್ಕ. ಎರಡು ನದಿ ಸೇರೋ ಒಣ ಪ್ರದೇಶದ ಮಧ್ಯೆ ಒಂದು ದೊಡ್ಡ ಹಸಿರು ತಗ್ಗು. ನೆರೆ ಬಂದಾಗ ಭತ್ತ, ಇಳಿದಾಗ ಅಲಸಂದೆ, ನಡುವೆ ಮೀನು, ಬೇಸಿಗೆಯಲ್ಲಿ ದೂರದಿಂದ ಬರೋ ದನಗಾಹಿಗಳಿಗೆ ಹುಲ್ಲು, ಚಾಪೆಗೆ ತಾಳೆ ಎಲೆ, ಜೊತೆಗೆ ಸುತ್ತಲಿನ ಬಾವಿಗಳಿಗೆ ಅಂತರ್ಜಲ. 1970ರ ದಶಕದಲ್ಲಿ ಮೇಲ್ಗಡೆ ಡ್ಯಾಮ್ ಬಂತು, ನೀರಾವರಿ ಯೋಜನೆ ಬಂತು, ಬಯಲಿಗೆ ಬರೋ ನೆರೆ ಕುಗ್ಗಿತು. 1991ರಲ್ಲಿ ಎಡ್ವರ್ಡ್ ಬಾರ್ಬಿಯರ್ ಅನ್ನೋ ಅರ್ಥಶಾಸ್ತ್ರಜ್ಞ ಮತ್ತು ಜೊತೆಗಾರರು ಕೂತು ಅದೇ ಒಂದು ಅಳತೆ ನೀರು ಬಯಲಲ್ಲಿ ಹರಡಿದ್ರೆ ಎಷ್ಟು ಕೊಡುತ್ತೆ, ನೀರಾವರಿ ಕಾಲುವೆಯಲ್ಲಿ ಹರಿದ್ರೆ ಎಷ್ಟು ಕೊಡುತ್ತೆ ಅಂತ ಲೆಕ್ಕ ಹಾಕಿದ್ರು. ಬಯಲೇ ಗೆದ್ದಿತು, ಅದೂ ಬಹಳ ಅಂತರದಲ್ಲಿ. ಬೆಳೆ, ಸೌದೆ, ಮೀನು ಇಷ್ಟನ್ನೇ ಲೆಕ್ಕಕ್ಕೆ ಹಿಡಿದು ಬಂದ ಉತ್ತರ ಅದು, ದನದ ಮೇವು, ಬಾವಿಯ ನೀರು ಸೇರಿಸೋ ಮುಂಚೆ. ಡ್ಯಾಮ್ ಯೋಜಿಸಿದವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ, ಅವರ ಕಾಗದದಲ್ಲಿ ಆ ಬಯಲು ಖಾಲಿ ಇತ್ತು ಅಷ್ಟೇ, ಬುಟ್ಟಿಗಳು ಕಾಣ್ತಿರಲಿಲ್ಲ.

ಜೌಗನ್ನ ಪ್ರೀತಿಯಿಂದ ಕಾಪಾಡೋಕೆ ಹೊರಟವರ ಕಣ್ಣಿಗೂ ಕೆಲವು ಸಲ ಬುಟ್ಟಿ ಕಾಣಲ್ಲ, ಇದನ್ನ ಹೇಳೋಕೆ ನೋವಾಗುತ್ತೆ. ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಪಕ್ಷಿಗಳಿಗೆ ಹೆಸರಾದ ಜೌಗು. 1982ರಲ್ಲಿ ಅಲ್ಲಿ ದನ ಎಮ್ಮೆ ಮೇಯಿಸೋದನ್ನ ನಿಷೇಧಿಸಿದ್ರು, ಹಳ್ಳಿಯವರು ಪ್ರತಿಭಟಿಸಿದ್ರು, ಪೊಲೀಸ್ ಗುಂಡಿಗೆ ಜನ ಸತ್ರು. ಆಮೇಲೆ ಏನಾಯ್ತು ಅಂದ್ರೆ, ಮೇಯೋ ಎಮ್ಮೆ ಇಲ್ಲದೇ ಒಂದು ಜಾತಿ ನೀರುಹುಲ್ಲು ಹಬ್ಬಿ ತೆರೆದ ನೀರನ್ನೇ ಮುಚ್ಚೋಕೆ ಶುರು ಮಾಡ್ತು, ಬಾತು ಕೊಕ್ಕರೆಗಳಿಗೆ ಜಾಗ ಕಮ್ಮಿ ಆಯ್ತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹತ್ತು ವರ್ಷದ ಅಧ್ಯಯನವೇ ಎಮ್ಮೆಗಳು ಆ ಹುಲ್ಲನ್ನ ಹದ್ದುಬಸ್ತಿನಲ್ಲಿ ಇಟ್ಟಿದ್ದವು ಅಂತ ತೋರಿಸ್ತು. ಮೇವಿಗೆ ಬಂದ ಎಮ್ಮೆ ಹಕ್ಕಿಗೆ ನೀರು ತೆರೆದು ಕೊಡ್ತಿತ್ತು. ಸತ್ತವರ ಮನೆಯವರಿಗೆ ಆ ರಿಪೋರ್ಟ್ ಓದಿ ಏನು ಅನ್ಸಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ.

ಕೋಲ್ಕತ್ತಾದ ಪೂರ್ವಕ್ಕೆ ಇರೋ 12,500 ಹೆಕ್ಟೇರ್ ಜೌಗು ಇದಕ್ಕೆ ತದ್ವಿರುದ್ಧವಾದ ಕಥೆ. 1980ರ ದಶಕದ ಶುರುವಲ್ಲಿ ಧ್ರುವಜ್ಯೋತಿ ಘೋಷ್ ಅನ್ನೋ ಸರ್ಕಾರಿ ಎಂಜಿನಿಯರ್ ನಗರದ ಕೊಳಚೆ ನೀರು ಎಲ್ಲಿಗೆ ಹೋಗುತ್ತೆ ಅಂತ ಹಿಂಬಾಲಿಸ್ಕೊಂಡು ಹೋದ್ರೆ ಅಲ್ಲಿ ಸಿಕ್ಕಿದ್ದು ಮೀನಿನ ಕೊಳಗಳು. ಆಳ ಕಮ್ಮಿ ಇರೋ ಕೊಳಕ್ಕೆ ಕೊಳಚೆನ ಅಳತೆ ನೋಡಿ ಬಿಡ್ತಾರೆ, ಬಿಸಿಲು ಬಿದ್ದು ಪಾಚಿ ಬೆಳೆದು ಆಮ್ಲಜನಕ ಕೊಡುತ್ತೆ, ಬ್ಯಾಕ್ಟೀರಿಯಾ ಹೊಲಸನ್ನ ಕರಗಿಸುತ್ತೆ, ಆ ಪಾಚಿನ ಮೀನು ತಿನ್ನುತ್ತೆ, ಅಲ್ಲಿಂದ ಬಿಟ್ಟ ನೀರು ಗದ್ದೆಗೆ ಹೋಗುತ್ತೆ. ಎಷ್ಟು ಬಿಡಬೇಕು ಯಾವಾಗ ನಿಲ್ಲಿಸಬೇಕು ಅನ್ನೋದನ್ನ ಮೀನುಗಾರರು ನೀರಿನ ಬಣ್ಣ ವಾಸನೆ ನೋಡಿ ಹೇಳ್ತಿದ್ರು. ಘೋಷ್ ಅವರು ಅದನ್ನ ಬರೆದಿಟ್ಟರು, ಅದರ ಪರ ನಿಂತರು, 2002ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರ್ತು. 2018ರಲ್ಲಿ ಅವರು ತೀರಿಕೊಂಡ್ರು. ಒಬ್ಬ ಎಂಜಿನಿಯರ್ ಹಳ್ಳಿಯವರನ್ನ ನಂಗೆ ಗೊತ್ತಿಲ್ಲ ನೀವು ಹೇಳಿ ಅಂತ ಕೇಳಿದ್ದಕ್ಕೆ ಒಂದು ಇಡೀ ಜೌಗು ಇನ್ನೂ ಉಳಿದಿದೆ, ಇದು ದೊಡ್ಡ ವಿಷಯ.

ಇಷ್ಟೆಲ್ಲ ಹೇಳಿ ಜೌಗಿನ ಬದುಕು ಸುಖ ಅಂತ ಬರೆದ್ರೆ ಅದು ಸುಳ್ಳಾಗುತ್ತೆ. ನಿಂತ ನೀರಲ್ಲಿ ಸೊಳ್ಳೆ ಇದೆ, ಮಲೇರಿಯಾ ಇದೆ, ಆಫ್ರಿಕಾದ ಬಹಳ ಕಡೆ ಬಸವನಹುಳುವಿನಿಂದ ನೀರಿಗೆ ಬಂದು ಚರ್ಮದೊಳಗೆ ನುಗ್ಗೋ ಹುಳದ ರೋಗ ಬಿಲ್ಹಾರ್ಜಿಯಾ ಇದೆ. ಬಿಹಾರದ ಮಿಥಿಲಾದಲ್ಲಿ ಮಖಾನ ಅನ್ನೋ ನೀರುಗಿಡದ ಬೀಜ ತೆಗೆಯೋದನ್ನೇ ನೋಡಿ, ಆ ಗಿಡದ ಎಲೆ ಪೂರ್ತಿ ಮುಳ್ಳು, ಬೀಜ ಹಣ್ಣಾಗಿ ಕೊಳದ ತಳಕ್ಕೆ ಬಿದ್ದು ಕೆಸರಲ್ಲಿ ಹೂತಿರುತ್ತೆ, ಮಲ್ಲಾಹ್ ಸಮುದಾಯದವರು ಉಸಿರು ಕಟ್ಟಿ ಮುಳುಗಿ, ತಳದ ಕೆಸರನ್ನ ಕೈಯಲ್ಲಿ ಬಾಚಿ ಗುಡ್ಡೆ ಮಾಡಿ, ಮೇಲೆ ಬಂದು ಉಸಿರು ತಗೊಂಡು ಮತ್ತೆ ಮುಳುಗ್ತಾರೆ, ಕಿವಿಗೂ ಕಣ್ಣಿಗೂ ಕೆಸರು ಹೋಗುತ್ತೆ. ಆಮೇಲೆ ಆ ಕಪ್ಪು ಬೀಜನ ಹುರಿದು ಬಿಸಿ ಇದ್ದಾಗಲೇ ಮರದ ಸುತ್ತಿಗೆಯಲ್ಲಿ ಬಡಿದು ಬೆಳ್ಳಗೆ ಅರಳಿಸೋದು. 2022ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ತು, ಪೇಟೆಯಲ್ಲಿ ಒಳ್ಳೇ ಬೆಲೆ ಇದೆ. ಮುಳುಗಿದವನ ಪಾಲು ಅದರಲ್ಲಿ ಎಷ್ಟು ಅನ್ನೋದು ಕೊಳ ಯಾರ ಹೆಸರಲ್ಲಿದೆ ಅನ್ನೋದರ ಮೇಲೆ ನಿಂತಿದೆ. ನಾನು ನೋಡಿದ ಆ ಹೆಂಗಸು ಕೂಡ ಹೊರಗೆ ಬಂದ ಮೇಲೆ ಸೊಂಟಕ್ಕೆ ಕೈ ಕೊಟ್ಟು ಸುಮಾರು ಹೊತ್ತು ಹಾಗೇ ನಿಂತಿದ್ರು.

ಪಾಲು ಅಂದಾಗ ನೆನಪಾಗೋದು ಮಾಲಿ ದೇಶದ ನೈಜರ್ ನದಿಯ ಒಳನಾಡು ಮುಖಜ ಭೂಮಿ. ಸಹಾರಾದ ಅಂಚಲ್ಲಿ ಅಷ್ಟು ದೊಡ್ಡ ನೀರು ಹರಡೋ ಜಾಗ. ಬೋಜೋ ಜನ ಮೀನು ಹಿಡಿತಾರೆ, ಬೇರೆಯವರು ಭತ್ತ ಬೆಳೀತಾರೆ, ಫುಲಾನಿ ದನಗಾಹಿಗಳಿಗೆ ನೀರೊಳಗೆ ಬೆಳೆಯೋ ಬೂರ್ಗು ಅನ್ನೋ ಹುಲ್ಲು ಬೇಕು, ನೀರು ಇಳಿದಾಗ ಅದೇ ಅವರ ದನಗಳ ಬೇಸಿಗೆಯ ಮೇವು. ಮೂವರಿಗೂ ಬೇಕಾಗಿರೋದು ಒಂದೇ ನೆಲ, ಬೇರೆ ಬೇರೆ ತಿಂಗಳಲ್ಲಿ. 19ನೇ ಶತಮಾನದಲ್ಲಿ ಆ ಭಾಗ ಆಳ್ತಿದ್ದ ಸೇಕು ಅಮಾದು ಕಾಲದಲ್ಲಿ ದೀನಾ ಅನ್ನೋ ಕಟ್ಟಳೆ ಮಾಡಿ ಯಾರು ಯಾವಾಗ ಯಾವ ದಾರಿಯಲ್ಲಿ ಒಳಗೆ ಬರಬೇಕು ಅಂತ ಗೊತ್ತು ಮಾಡಿದ್ರು. ಈಗ ಆ ಪ್ರದೇಶದಲ್ಲಿ ಗಲಭೆ ಹೆಚ್ಚಿ ಎಲ್ಲ ಕಷ್ಟ ಆಗಿದೆ, ಆದ್ರೂ ದಿಯಾಫರಾಬೆ ಅನ್ನೋ ಊರಲ್ಲಿ ಮಳೆಗಾಲ ಕಳೆದ ಮೇಲೆ ಸಾವಿರಾರು ದನ ನದಿ ಈಜಿ ದಾಟೋ ಪದ್ಧತಿ ಎಷ್ಟು ಹಳೇದು ಅಂದ್ರೆ ಯುನೆಸ್ಕೋ 2005ರಲ್ಲಿ ಅದನ್ನ ಮನುಕುಲದ ಪರಂಪರೆ ಅಂತ ಗುರುತಿಸ್ತು. ದಾಟೋ ದಿನಕ್ಕೆ ಖಾಯಂ ತಾರೀಖು ಇಲ್ಲ. ನೀರು ಎಷ್ಟು ಇಳಿದಿದೆ, ಒಳಗಿನ ಭತ್ತ ಕೊಯ್ದು ಆಗಿದೆಯಾ, ಹುಲ್ಲು ಬಲಿತಿದೆಯಾ ಅಂತ ನೋಡಿ, ಎಲ್ಲರೂ ಸೇರಿ ಕೂತು ಒಂದು ದಿನ ಹೇಳ್ತಾರೆ, ಅಲ್ಲಿ ತನಕ ದನಗಳೂ ದನ ಕಾಯೋ ಹುಡುಗರೂ ಈಚೆ ದಡದಲ್ಲೇ ಕಾಯ್ತಾ ನಿಂತಿರ್ತಾರೆ, ಆಚೆ ದಡದಲ್ಲಿ ಕೊನೆಯ ಗದ್ದೆ ಕೊಯ್ಲು ಮುಗಿಯೋ ತನಕ.